ಬೀಡಿ ಬಿಡು ಎನ್ನುವ ಮುನ್ನ



ವರದಕ್ಷಿಣೆ ಸಾವು, ಗಂಡನ ಹೊಡೆತ, ಜೀವನಾಂಶದ ಕೇಸು ಇವುಗಳ ಬಗ್ಗೆ ಓದಲು ಈ ಪತ್ರಿಕೆ ತೆರೆದವರಿಗೆ ಬೀಡಿಯ ಮಾತು ಯಾಕೆ ಎನ್ನಿಸಬಹುದು. ಅದೂ ಊರಿನವರು ‘ಅಂಥವರು’ ಎಂದು ಬೆರಳು ತೋರಿಸುವ ಜನ ಸೇದುವ ಬೀಡಿಯ ಮಾತು. ದಯವಿಟ್ಟು ಪೂರ್ತಿ ಓದಿ. ಆಮೇಲೆ ನನ್ನ ಜೊತೆ ಜಗಳಕ್ಕೆ ಬನ್ನಿ.

ನಮ್ಮ ಸಂಘ ಇರುವುದು ಆಲೂರಿಗೂ ಸಕಲೇಶಪುರಕ್ಕೂ ನಡುವಿನ ಗುಡ್ಡದಲ್ಲಿ. ಸದಸ್ಯೆಯರಲ್ಲಿ ಅರ್ಧದಷ್ಟು ಜನ ಕಾಫಿ ತೋಟದ ಕೂಲಿಗೆ ಹೋಗುವವರು. ಮಳೆಗಾಲ ಹಿಡಿದರೆ ಮೂರು ತಿಂಗಳು ಕಂಬಳಿ, ಕೊಪ್ಪೆಯೇ ಗತಿ. ಕಾಲಿಗೆ ಇಂಬಳ ಹತ್ತದಿರಲಿ ಎಂದು ಸುಣ್ಣ, ಹೊಗೆಸೊಪ್ಪು ತಿಕ್ಕಿಕೊಳ್ಳುತ್ತೇವೆ. ಉಳಿದ ಹೊಗೆಸೊಪ್ಪು ಬಾಯಿಗೆ ಹೋಗುತ್ತದೆ. ಗಂಡಸರ ಕಿವಿಯ ಸಂದಿಯಲ್ಲಿ ಬೀಡಿ ಇದ್ದೇ ಇರುತ್ತದೆ. ಚಳಿಗೆ ಬೇಕು, ಹಸಿವು ತಡೆಯಲು ಬೇಕು, ಆನೆ ಕಾಯುವ ರಾತ್ರಿ ನಿದ್ದೆ ತಡೆಯಲು ಬೇಕು. ತಂಬಾಕು ನಮಗೆ ಹೊರಗಿನಿಂದ ಬಂದ ಭೂತವೂ ಅಲ್ಲ. ನಮ್ಮ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಅಲ್ಲಿ ಹಸಿ ಎಲೆಯನ್ನು ಕಡ್ಡಿಗೆ ಪೋಣಿಸುವ ಕೈಗಳಲ್ಲಿ ಹೆಚ್ಚಿನವು ಹೆಂಗಸರವು.

ಇಂಥ ನಮ್ಮ ಸಂಘದ ಒಂದು ಸಭೆಗೆ ಒಬ್ಬಳು ಬಂದಳು. ಅವಳ ಹೆಸರನ್ನಾಗಲಿ, ಊರನ್ನಾಗಲಿ ನಾನು ಬರೆಯುವುದಿಲ್ಲ. ಇದನ್ನು ಬರೆಯಲೇ ಎಂದು ಅವಳನ್ನು ಕೇಳಿ, ಅವಳು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ.

ಅವಳು ಹುಟ್ಟಿದಾಗ ಗಂಡು ಮಗು ಎಂದು ಊರಿಗೆಲ್ಲ ಸಕ್ಕರೆ ಹಂಚಿದ್ದರು. ಹತ್ತು ಹನ್ನೆರಡು ವರ್ಷ ಆಗುವ ಹೊತ್ತಿಗೆ ತಾನು ಹೆಣ್ಣು ಎಂದು ಅವಳಿಗೆ ಗೊತ್ತಾಗಿತ್ತು. ಮನೆಯವರಿಗೂ ಗೊತ್ತಾಯಿತು. ಅಪ್ಪ ತೋಟದ ಮೆಣಸಿನ ಬಳ್ಳಿ ಕಟ್ಟುವ ಹಗ್ಗದಲ್ಲಿ ಹೊಡೆದ. ಅಣ್ಣ ಕೂದಲು ಕತ್ತರಿಸಿದ. ಅಮ್ಮ ಹರಕೆ ಹೊತ್ತಳು, ತಾಯಿತ ಕಟ್ಟಿಸಿದಳು. ಹದಿನೇಳನೆಯ ವರ್ಷಕ್ಕೆ ಅವಳು ಸಕಲೇಶಪುರದಲ್ಲಿ ಬೆಂಗಳೂರಿನ ಬಸ್ಸು ಹತ್ತಿದಳು. ಅಲ್ಲಿ ಒಬ್ಬ ಗುರುವಿನ ಮನೆಯಲ್ಲಿ, ತನ್ನಂಥ ಇತರರ ಜೊತೆ ಬೆಳೆದಳು. ಸಿಗ್ನಲ್ಲಿನಲ್ಲಿ ಕೈ ಚಾಚಿದಳು. ರಾತ್ರಿ ಕೆಲಸಕ್ಕೂ ನಿಂತಳು. ಅಪ್ಪ ತೀರಿಕೊಂಡ ಮೇಲೆ, ಅಮ್ಮನನ್ನು ನೋಡಿಕೊಳ್ಳುವವರಿಲ್ಲ ಎಂದು ಗೊತ್ತಾಗಿ ಊರಿಗೆ ವಾಪಸು ಬಂದು ತೋಟದ ಲೈನ್ ಮನೆಯಲ್ಲಿ ಉಳಿದಳು. ಕೂಲಿ ಕೆಲಸದಲ್ಲಿ ಯಾರಿಗೂ ಕಡಿಮೆ ಇಲ್ಲ. ದಿನಕ್ಕೆ ಎರಡು ಕಟ್ಟು ಬೀಡಿ. ಎದೆಯಲ್ಲಿ ಯಾವಾಗಲೂ ಗೊರಗೊರ ಸದ್ದು.

ಸಂಘಕ್ಕೆ ಸೇರಿಸಿಕೊಳ್ಳಿ, ವಾರಕ್ಕೆ ಉಳಿತಾಯ ಕಟ್ಟುತ್ತೇನೆ ಎಂದು ಅವಳು ಕೇಳಿದಳು. ಎಲ್ಲರೂ ಮುಖ ಮುಖ ನೋಡಿಕೊಂಡರು. ಕೊನೆಗೆ ಒಬ್ಬರು ಹೇಳಿದರು: “ಸೇರ್ಸ್‌ಕೊಳ್ಳಕ್ಕೇನೋ ಅಡ್ಡಿ ಇಲ್ಲ ಕಣವ್ವ. ಆದ್ರೆ ಬೀಡಿ ಸೇದೋರ್ನ ಹೆಂಗೆ ಸೇರ್ಸ್‌ಕೊಳ್ಳದು? ಮೊದ್ಲು ಬೀಡಿ ಬಿಟ್ಟು ಬಾ.”

ಹೇಳಿದವರ ದವಡೆಯಲ್ಲಿ ಆಗ ಎಲೆ, ಅಡಿಕೆ, ಹೊಗೆಸೊಪ್ಪು ಇತ್ತು. ಅಂದರೆ ಬೀಡಿ ಒಂದು ನೆಪ. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಾಯಿತು. ಸೆರಗು ಹೊದ್ದುಕೊಂಡು ಎದ್ದು ಹೋದಳು. ನಾನು ಏನೂ ಮಾತಾಡಲಿಲ್ಲ. ಇಪ್ಪತ್ತು ವರ್ಷ ಸಂಘದಲ್ಲಿ ಇದ್ದವಳು, ಎಷ್ಟೋ ಗಂಡಂದಿರ ಎದುರು ಗಟ್ಟಿಯಾಗಿ ಮಾತಾಡಿದವಳು, ಆ ದಿನ ಲೆಕ್ಕದ ಪುಸ್ತಕ ನೋಡುತ್ತಾ ಕೂತೆ. ಈ ಲೇಖನ ಬರೆಯಲು ಆ ಮೌನವೇ ಕಾರಣ.

2021ರಲ್ಲಿ ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಟಿ.ವಿ. ಮುಂದೆ ಕೂತು ಸಂತೋಷಪಟ್ಟಿದ್ದೆವು. ದೂರದ ಬಳ್ಳಾರಿ ಸೀಮೆಯ ಮಂಜಮ್ಮ ನಮಗೆ ದೊಡ್ಡವರು. ನಮ್ಮದೇ ಗುಡ್ಡದಲ್ಲಿ ಹುಟ್ಟಿದ ಮಗು ಬಾಗಿಲಿಗೆ ಬಂದರೆ ಬೀಡಿಯ ವಾಸನೆ.

ಹೊಗೆ ಎಲ್ಲಿಂದ ಬಂತು?

ಒಂದು ವಾರ ಬಿಟ್ಟು ನಾನು ಅವಳ ಲೈನ್ ಮನೆಗೆ ಹೋದೆ. ಕ್ಷಮೆ ಕೇಳಲು ಹೋಗಿದ್ದೆ. ಮಾತು ಬೀಡಿಯ ಕಡೆಗೇ ತಿರುಗಿತು. ಮೊದಲನೆಯ ಬೀಡಿ ಯಾವಾಗ ಸೇದಿದೆ ಮಗ ಎಂದು ಕೇಳಿದೆ. ನಮ್ಮ ಕಡೆ ಪ್ರೀತಿಯಿಂದ ಕರೆಯುವಾಗ ಗಂಡಿಗೂ ಹೆಣ್ಣಿಗೂ ‘ಮಗ’ ಎನ್ನುತ್ತೇವೆ. ಆ ಪದ ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅಪ್ಪ ಹೊಡ್ದ ದಿನ ಕಣತ್ತೆ,” ಅಂದಳು. “ಹಗೇವು ಹಿಂದೆ ಕೂತ್ಕೊಂಡು ಅಪ್ಪನ್ ಬೀಡೀನೇ ಕದ್ದು ಸೇದ್ದೆ. ಅವತ್ತು ಕೈ ನಡುಗ್ತಿತ್ತು. ಸೇದಿದ್‌ಮೇಲೆ ನಿಲ್ತು.”

ಯೋಚಿಸಿ ನೋಡಿ. ಹೊಡೆದದ್ದು ಅಪ್ಪ, ಬೀಡಿಯೂ ಅಪ್ಪನದೇ. ಆದರೆ ಕೆಟ್ಟ ಚಟದವಳು ಎಂಬ ಹೆಸರು ಮಾತ್ರ ಮಗಳಿಗೆ. ಹೊಡೆತ ತಿಂದ ಹೆಂಡತಿಗೇ ‘ನೀನೇ ಏನೋ ಮಾಡಿರಬೇಕು’ ಎನ್ನುವ ಊರಿಗೆ ಇದು ಹೊಸದಲ್ಲ.

ಅಮೆರಿಕ, ಬ್ರಿಟನ್ನಿನಂಥ ದೇಶಗಳಲ್ಲಿ ಲೆಕ್ಕ ಹಾಕಿದಾಗಲೆಲ್ಲ ಸಲಿಂಗ ಪ್ರೇಮಿಗಳು, ಲಿಂಗ ಪರಿವರ್ತಿತರು ಉಳಿದವರಿಗಿಂತ ಹೆಚ್ಚಾಗಿ ಹೊಗೆ ಸೇದುತ್ತಾರೆ ಎಂದು ಕಂಡುಬಂದಿದೆ. ಅದು ಅವರ ಹುಟ್ಟುಗುಣವಲ್ಲ. ಮನೆಯಿಂದ ಹೊರಗೆ ಹಾಕಿಸಿಕೊಂಡವರು, ಶಾಲೆಯಲ್ಲಿ ಗೇಲಿಗೆ ಸಿಕ್ಕವರು, ಬಾಡಿಗೆ ಮನೆ ಸಿಗದವರು, ಸದಾ ಹೆದರಿಕೊಂಡು ಬದುಕುವವರು ಯಾರಾದರೂ ಕೈಗೆ ಸಿಕ್ಕ ಆಸರೆ ಹಿಡಿಯುತ್ತಾರೆ. ನಮ್ಮ ದೇಶದಲ್ಲಿ 2016-17ರಲ್ಲಿ ನಡೆದ ದೊಡ್ಡ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇಕಡಾ 22.8ರಷ್ಟು ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಆ ಸಮೀಕ್ಷೆ ಗಂಡಸರ ಲೆಕ್ಕ ಕೊಟ್ಟಿತು, ಹೆಂಗಸರ ಲೆಕ್ಕ ಕೊಟ್ಟಿತು. ಅವಳಂಥವರ ಲೆಕ್ಕಕ್ಕೆ ಅಲ್ಲಿ ಬೇರೆ ಸಾಲು ಇರಲಿಲ್ಲ. ಲೆಕ್ಕಕ್ಕೆ ಸಿಗದವರ ಕೆಮ್ಮು ಯಾರಿಗೂ ಕೇಳಿಸುವುದಿಲ್ಲ.

ಕಂಪನಿಗಳಿಗೆ ಮಾತ್ರ ಎಲ್ಲರ ಲೆಕ್ಕವೂ ಗೊತ್ತಿದೆ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರೆದುರು ಸಿಗರೇಟು ಹಚ್ಚಿದರು. ಅವು ಸ್ವಾತಂತ್ರ್ಯದ ಪಂಜುಗಳು ಎಂದು ಪ್ರಚಾರ ಮಾಡಲಾಯಿತು. ಅದನ್ನು ಹಿಂದೆ ನಿಂತು ಏರ್ಪಡಿಸಿದವನು ಸಿಗರೇಟು ಕಂಪನಿಯಿಂದ ಹಣ ಪಡೆದಿದ್ದ ಪ್ರಚಾರಕ ಎಡ್ವರ್ಡ್ ಬರ್ನೇಸ್. 1968ರಲ್ಲಿ ಇನ್ನೊಂದು ಕಂಪನಿ ಮಹಿಳಾ ವಿಮೋಚನೆಯ ಮಾತನ್ನೇ ಎರವಲು ಪಡೆದು ‘ವರ್ಜೀನಿಯಾ ಸ್ಲಿಮ್ಸ್’ ಎಂಬ ಹೆಂಗಸರ ಸಿಗರೇಟು ತಂದಿತು. 1995ರಲ್ಲಿ ಆರ್.ಜೆ. ರೆನಾಲ್ಡ್ಸ್ ಕಂಪನಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಸಲಿಂಗಿಗಳಿಗೂ ಬೀದಿಯಲ್ಲಿ ಬದುಕುವವರಿಗೂ ಸಿಗರೇಟು ಮಾರಲು ಒಂದು ಯೋಜನೆ ಹಾಕಿತು. ಮುಂದೆ ಆ ಕಾಗದಪತ್ರಗಳು ಹೊರಬಂದವು. ಯೋಜನೆಗೆ ಇಟ್ಟಿದ್ದ ‘ಸ್ಕಮ್’ ಎಂಬ ಸಂಕ್ಷಿಪ್ತ ಹೆಸರಿಗೆ ಇಂಗ್ಲಿಷಿನಲ್ಲಿ ‘ಹೊಲಸು ಜನ’ ಎಂಬ ಅರ್ಥವಿದೆ. ಹಣ ಬೇಕು, ಆದರೆ ಮನಸ್ಸಿನಲ್ಲಿ ಇರುವುದು ಅದೇ ತಿರಸ್ಕಾರ. ನಮ್ಮನ್ನು ಹಿಡಿದ ಬಲೆಯೂ ಅವರನ್ನು ಹಿಡಿದ ಬಲೆಯೂ ಒಂದೇ. ಬಿಡಿಸಿಕೊಳ್ಳುವಾಗ ಮಾತ್ರ ನಾವು ಬೇರೆ ಬೇರೆ ಯಾಕೆ?

‘ಇರೋ ಒಂದು ಸಮಾಧಾನವನ್ನೂ ಕಿತ್ಕೊಳ್ಳೋದಾ?’

ಒಳ್ಳೆಯ ಮನಸ್ಸಿನ ಒಬ್ಬ ಗೆಳತಿ ನನ್ನನ್ನು ಹೀಗೆ ಕೇಳಿದಳು. ಅವರ ಬದುಕಿನಲ್ಲಿ ಇಷ್ಟೊಂದು ಕಷ್ಟ ಇರುವಾಗ ಬೀಡಿ ಬಿಡಿಸುವುದೇ ದೊಡ್ಡ ಕೆಲಸವೇ? ಕೆಲಸ ಕೊಡಿಸಿ, ಮನೆ ಕೊಡಿಸಿ, ಬೀಡಿ ಹಾಗೇ ಇರಲಿ.

ಕೆಲಸ, ಮನೆ ಬೇಕೇ ಬೇಕು. ಆದರೆ ಬೀಡಿ ಕೊಡುವ ಸಮಾಧಾನ ಎಂಥದ್ದು ಎಂದು ನೋಡೋಣ. ತಂಬಾಕಿನಲ್ಲಿರುವ ನಿಕೋಟಿನ್ ರಕ್ತದಲ್ಲಿ ಇಳಿಯುತ್ತಿದ್ದಂತೆ ಚಡಪಡಿಕೆ ಶುರುವಾಗುತ್ತದೆ. ಇನ್ನೊಂದು ಬೀಡಿ ಹಚ್ಚಿದರೆ ಚಡಪಡಿಕೆ ನಿಲ್ಲುತ್ತದೆ. ನಿಂತದ್ದನ್ನೇ ನಾವು ನೆಮ್ಮದಿ ಅಂದುಕೊಳ್ಳುತ್ತೇವೆ. ಚಡಪಡಿಕೆ ತಂದದ್ದೂ ಅದೇ ಬೀಡಿ ಎನ್ನುವುದು ಮರೆತುಹೋಗುತ್ತದೆ. ರಾತ್ರಿ ಕುಡಿದು ಹೊಡೆದ ಗಂಡ ಬೆಳಿಗ್ಗೆ ಮೊಳ ಮಲ್ಲಿಗೆ ತಂದು ಕೊಟ್ಟರೆ ‘ಪಾಪ, ಒಳ್ಳೆಯವರೇ’ ಎನ್ನುತ್ತೇವಲ್ಲ, ಹಾಗೆ. ಆ ಮಲ್ಲಿಗೆಯನ್ನು ನಂಬಿ ಎಷ್ಟು ಜನ ಜೀವ ಕಳೆದುಕೊಂಡರು ಎಂದು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ತಂಬಾಕು ಬಿಟ್ಟವರಿಗೆ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ತಲೆನೋವು ಇರುತ್ತದೆ. ಎರಡು ಮೂರು ವಾರದಲ್ಲಿ ಅದು ಇಳಿಯುತ್ತಾ ಬರುತ್ತದೆ. ಆಮೇಲೆ ಆತಂಕ, ಬೇಸರ ಎರಡೂ ಮೊದಲಿಗಿಂತ ಕಡಿಮೆಯಾಗುತ್ತವೆ ಎಂದು ಅಧ್ಯಯನಗಳು ಹೇಳುತ್ತವೆ. ಒಂದು ವರ್ಷ ಬಿಟ್ಟರೆ, ಸೇದುತ್ತಾ ಇರುವವರಿಗೆ ಬರಬಹುದಾದ ಹೃದಯಾಘಾತದ ಅಪಾಯ ಬಿಟ್ಟವರಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೀಡಿ ಎಲೆಯದು, ಸಿಗರೇಟಿಗಿಂತ ವಾಸಿ ಎನ್ನುವುದು ಸುಳ್ಳು. ಅದರ ಹೊಗೆ ಸಿಗರೇಟಿನದಕ್ಕಿಂತ ಸೌಮ್ಯವೇನೂ ಅಲ್ಲ.

ಅವಳಂಥವರಿಗೆ ಇನ್ನೂ ಕೆಲವು ಕಾರಣಗಳಿವೆ. ಹೆಣ್ಣಾಗಲು ಹಾರ್ಮೋನು ಮಾತ್ರೆ ತೆಗೆದುಕೊಳ್ಳುವವರು ಹೊಗೆ ಸೇದಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವವರಿಗೆ ಗಾಯ ಬೇಗ ಮಾಯುವುದಿಲ್ಲ. ಎಚ್.ಐ.ವಿ. ಇರುವವರಿಗೆ ಕ್ಷಯ, ನ್ಯುಮೋನಿಯಾ ಬೇಗ ಹತ್ತುತ್ತವೆ. ಇವನ್ನು ಹೆದರಿಸಲು ಹೇಳುತ್ತಿಲ್ಲ. ಅವರು ಇಷ್ಟು ಹೋರಾಡಿ ಪಡೆದ ದೇಹ ಅವರಿಗೆ ಉಳಿಯಲಿ ಎಂದು ಹೇಳುತ್ತಿದ್ದೇನೆ.

ಬಾಗಿಲ ತನಕ ಹೋಗಿ ವಾಪಸು ಬಂದದ್ದು

ಅವಳು ಬೀಡಿ ಬಿಡಲು ತಾನೇ ಮನಸ್ಸು ಮಾಡಿದಳು. ನನ್ನ ಉಪದೇಶದಿಂದ ಅಲ್ಲ. ರಾತ್ರಿ ಕೆಮ್ಮಿನಿಂದ ಅಮ್ಮನಿಗೆ ನಿದ್ದೆ ಇಲ್ಲ ಎಂಬ ಕಾರಣಕ್ಕೆ. ಇಬ್ಬರೂ ಒಂದು ಆಸ್ಪತ್ರೆಗೆ ಹೋದೆವು. ಯಾವುದು ಎಂದು ಹೇಳುವುದಿಲ್ಲ. ಇದು ಒಂದು ಆಸ್ಪತ್ರೆಯ ಕಥೆ ಅಲ್ಲ.

ಚೀಟಿ ಬರೆಯುವವರು ಹೆಸರು ಕೇಳಿದರು. ಅವಳು ಹೇಳಿದಳು. ಆಧಾರ್ ಕಾರ್ಡಿನಲ್ಲಿ ಬೇರೆ ಹೆಸರು. “ಇದ್ರಲ್ಲಿ ಯಾವ್ದು ನಿಜ?” ಎಂದು ಗಟ್ಟಿಯಾಗಿ ಕೇಳಿದರು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ನೋಡಿದರು. ಗಂಡಸರ ಸಾಲಿಗೆ ಹೋಗು ಎಂದರು ಒಬ್ಬರು. ಹೆಂಗಸರ ಸಾಲಿನಲ್ಲಿ ಇದ್ದವರು ಸ್ವಲ್ಪ ಸರಿದು ನಿಂತರು. ಯಾರೋ ಮೊಬೈಲು ಎತ್ತಿ ಹಿಡಿದರು. ಡಾಕ್ಟರ ಹತ್ತಿರ ಹೋಗುವ ಸರದಿ ಬರುವ ಮೊದಲೇ ಅವಳು ಹೊರಗೆ ಹೋಗಿದ್ದಳು. ನಾನು ಹೋಗಿ ನೋಡಿದರೆ ಬಸ್ ನಿಲ್ದಾಣದ ಹಿಂದೆ ಬೀಡಿ ಹಚ್ಚಿಕೊಂಡು ಕೂತಿದ್ದಳು. “ನೋಡತ್ತೆ, ಇಷ್ಟೇ ನನ್ ಔಷ್ದಿ,” ಅಂದಳು.

ಬೀಡಿ ಬಿಡಿಸುವ ವ್ಯವಸ್ಥೆ ಇದ್ದರೆ ಸಾಲದು, ಅಲ್ಲಿಗೆ ಹೋಗುವ ದಾರಿ ಅವರಿಗೆ ತೆರೆದಿರಬೇಕು ಎಂದು ನನಗೆ ಆ ದಿನ ತಿಳಿಯಿತು. 1990ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಯಾವ ಲಿಂಗದವರು ಎಂದು ಹೇಳುವ ಹಕ್ಕು ಆ ವ್ಯಕ್ತಿಯದೇ ಎಂದಿತು. 2018ರ ಸೆಪ್ಟೆಂಬರ್ 6ರಂದು ವಯಸ್ಕರ ಸಲಿಂಗ ಪ್ರೇಮ ಅಪರಾಧವಲ್ಲ ಎಂದಿತು. ಇಷ್ಟಾದರೂ ಚೀಟಿ ಬರೆಯುವ ಕಿಟಕಿಯಲ್ಲಿ ಒಂದು ನಗು ಸಾಕು, ಇವೆಲ್ಲ ತೀರ್ಪುಗಳು ಬರಿ ಕಾಗದ ಆಗಿಬಿಡುತ್ತವೆ. ಕರೆಯಬೇಕಾದ ಹೆಸರು ಯಾವುದು ಎಂದು ಮೆಲ್ಲಗೆ ಕೇಳಿ, ಅದೇ ಹೆಸರಿನಿಂದ ಕರೆದರೆ ಸರ್ಕಾರಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಕೆಮ್ಮಿಗೆ ಬಂದವರಿಗೆ ಕೆಮ್ಮಿನ ಬಗ್ಗೆ ಮಾತ್ರ ಕೇಳುವುದಕ್ಕೂ ಖರ್ಚಿಲ್ಲ.

ಅಡುಗೆ ಮನೆಯಿಂದ ಮಾಡಿದ ಫೋನು

ಬೀಡಿ ಕಟ್ಟಿನ ಮೇಲೆ, ಸಿಗರೇಟು ಪ್ಯಾಕಿನ ಮೇಲೆ ಹುಣ್ಣಿನ ಚಿತ್ರದ ಜೊತೆ ಒಂದು ನಂಬರು ಇರುವುದನ್ನು ನೀವು ನೋಡಿರಬಹುದು. 2018ರ ಸೆಪ್ಟೆಂಬರ್‌ನಿಂದ ಅದನ್ನು ಕಡ್ಡಾಯವಾಗಿ ಅಚ್ಚು ಹಾಕುತ್ತಿದ್ದಾರೆ. 1800-11-2356. ಇದು ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಸಹಾಯವಾಣಿ. 2016ರಲ್ಲಿ ದೆಹಲಿಯಲ್ಲಿ ಶುರುವಾಯಿತು. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಸೇರಿ ಕನ್ನಡದಲ್ಲೂ ಮಾತಾಡುವ ವ್ಯವಸ್ಥೆ ಬಂತು. ಫೋನಿಗೆ ದುಡ್ಡಿಲ್ಲ. ಹುಚ್ಚಾಸ್ಪತ್ರೆ ಎಂದು ಹೆದರಬೇಕಾಗಿಲ್ಲ. ಮಾತಾಡುವವರು ಆಪ್ತಸಲಹೆಗಾರರು.

ನಮ್ಮ ಅಡುಗೆ ಮನೆಯಲ್ಲಿ ಕೂತು ಅವಳು ಆ ನಂಬರಿಗೆ ಫೋನು ಮಾಡಿದಳು. ಅಲ್ಲಿ ಮುಖ ಕಾಣಿಸುವುದಿಲ್ಲ. ಯಾವ ಸಾಲಿನಲ್ಲೂ ನಿಲ್ಲಬೇಕಾಗಿಲ್ಲ. ಅವಳು ತನಗೆ ಇಷ್ಟವಾದ ಹೆಸರನ್ನೇ ಹೇಳಿದಳು. ದಿನಕ್ಕೆ ಎಷ್ಟು ಸೇದುತ್ತೀರಿ, ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ, ಯಾವ ಹೊತ್ತಿನಲ್ಲಿ ತಡೆಯಲು ಕಷ್ಟ ಎಂದೆಲ್ಲ ಕೇಳಿದರು. ಬಿಡುವ ದಿನ ಒಂದನ್ನು ಅವಳೇ ಗೊತ್ತು ಮಾಡುವಂತೆ ಹೇಳಿದರು. ಆಸೆ ಎದ್ದಾಗ ಅದು ಐದು ಹತ್ತು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ, ಆ ಹೊತ್ತು ದಾಟಿಸಿ ಎಂದರು. ನೀರು ಕುಡಿಯಿರಿ, ಎದ್ದು ಓಡಾಡಿ, ಯಾರ ಜೊತೆಯಾದರೂ ಮಾತಾಡಿ ಎಂದರು. ಆಮೇಲೆ ಅವರಾಗಿಯೇ ಫೋನು ಮಾಡಿ ವಿಚಾರಿಸಿದರು.

ನಾವು ಆ ಹೊತ್ತು ದಾಟಿಸಲು ಏಲಕ್ಕಿ ಸಿಪ್ಪೆ, ಶುಂಠಿ, ನೆಲ್ಲಿಕಾಯಿ ಚೂರು ಪೊಟ್ಟಣ ಕಟ್ಟಿ ಕೊಟ್ಟೆವು. ಬೀಡಿಯ ಗೆಳೆಯರು ಕೂರುವ ಕಟ್ಟೆ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗಲು ಶುರು ಮಾಡಿದಳು. ಬೀಡಿ ಕಟ್ಟಿಗೆ ಕೊಡುತ್ತಿದ್ದ ದುಡ್ಡು ಡಬ್ಬಿಗೆ ಹಾಕಿದಳು.

ಒಂಬತ್ತನೆಯ ದಿನ ಬಿದ್ದಳು. ಅಣ್ಣನ ಮಗಳ ಮದುವೆ. ಊರಿಗೆಲ್ಲ ಕರೆಯೋಲೆ, ಇವಳಿಗೆ ಇಲ್ಲ. ವಾಲಗದ ಸದ್ದು ಲೈನ್ ಮನೆಗೆ ಕೇಳುತ್ತಿತ್ತಂತೆ. ಆ ರಾತ್ರಿ ಒಂದು ಕಟ್ಟು ಖಾಲಿ. ಬೆಳಿಗ್ಗೆ ನನ್ನ ಮುಖ ನೋಡಲು ನಾಚಿಕೊಂಡಳು. ನಾನೇ ಸಹಾಯವಾಣಿಗೆ ಫೋನು ಹಚ್ಚಿ ಅವಳ ಕೈಗೆ ಕೊಟ್ಟೆ. ಬಿದ್ದದ್ದು ಸೋಲಲ್ಲ, ಹೆಚ್ಚಿನವರು ಒಂದೇ ಸಲಕ್ಕೆ ಬಿಡುವುದಿಲ್ಲ, ಯಾವ ಕಾರಣಕ್ಕೆ ಹಚ್ಚಿದಿರೋ ಅದನ್ನು ತಿಳಿದುಕೊಂಡು ಹೊಸ ದಿನ ಗೊತ್ತು ಮಾಡಿ ಎಂದರು. ಗಂಡನ ಮನೆ ಬಿಟ್ಟು ಬಂದವಳು ಎರಡು ಸಲ ವಾಪಸು ಹೋಗಿ ಮೂರನೆಯ ಸಲ ಗಟ್ಟಿಯಾಗಿ ನಿಲ್ಲುವುದನ್ನು ನಾವು ನೋಡಿಲ್ಲವೇ? ವಾಪಸು ಹೋದಳು ಎಂದು ನಾವು ಅವಳ ಕೈ ಬಿಟ್ಟೆವೇ?

ಈಗ ಅವಳು ಬೀಡಿ ಬಿಟ್ಟು ಏಳು ತಿಂಗಳಾಯಿತು. ನಡುವೆ ಇನ್ನೊಂದು ಸಲ ಸೇದಿದ್ದಳು. ಅದನ್ನೂ ಮುಚ್ಚಿಡದೆ ಬರೆ ಅತ್ತೆ ಎಂದಿದ್ದಾಳೆ.

ಇದು ನಮ್ಮ ಹೋರಾಟವೇ?

ಹೌದು ಎನ್ನುತ್ತೇನೆ. ನಾವು ಮನೆಯೊಳಗಿನ ಹಿಂಸೆಯ ವಿರುದ್ಧ ನಿಂತವರು. ಅವಳ ಬೆನ್ನಿನ ಬಾಸುಂಡೆ ಮನೆಯೊಳಗೇ ಬಂದದ್ದು. ಹೆಣ್ಣನ್ನು ಪ್ರೀತಿಸುವ ಹುಡುಗಿಗೆ ‘ಮದುವೆ ಮಾಡಿದರೆ ಸರಿಹೋಗುತ್ತಾಳೆ’ ಎಂದು ಸಾಲ ಮಾಡಿ, ವರದಕ್ಷಿಣೆ ಕೊಟ್ಟು ಕಳಿಸುವುದು ನಮ್ಮ ಊರುಗಳಲ್ಲೇ ನಡೆಯುತ್ತದೆ. ಗಂಡಸರನ್ನು ಇಷ್ಟಪಡುವ ಹುಡುಗನಿಗೂ ಅದೇ ಔಷಧಿ. ಆಗ ತಂದ ವರದಕ್ಷಿಣೆಯೂ ಹೋಯಿತು, ಏನೂ ತಿಳಿಯದ ಒಬ್ಬ ಹೆಣ್ಣಿನ ಬದುಕೂ ಹೋಯಿತು. ಹಿತ್ತಲಿನಲ್ಲಿ ಕದ್ದು ಸೇದುವ ಸಿಗರೇಟು ಇಂಥ ಎಷ್ಟು ಮದುವೆಗಳ ಹೊಗೆಯೋ.

2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಹೆಂಡತಿಗೆ ಮಾತ್ರ ಎಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದೇವೆ. ಅಪ್ಪ, ಅಣ್ಣನ ಹೊಡೆತ ತಿನ್ನುವ ಮಗಳಿಗೂ ಅದು ಇದೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಅವರಲ್ಲಿ ದೂರು ಕೊಡಬಹುದು. 2025ರ ಜೂನ್‌ನಲ್ಲಿ ಆಂಧ್ರಪ್ರದೇಶದ ಹೈಕೋರ್ಟು, ಗಂಡಸನ್ನು ಮದುವೆಯಾದ ಲಿಂಗ ಪರಿವರ್ತಿತ ಹೆಣ್ಣೂ ಗಂಡನ ಮನೆಯ ಕ್ರೌರ್ಯದ ವಿರುದ್ಧ 498ಎ ಅಡಿಯಲ್ಲಿ ದೂರು ಕೊಡಬಹುದು ಎಂದು ಹೇಳಿತು. ವರದಕ್ಷಿಣೆ ವಿರೋಧಿ ಹೋರಾಟದಿಂದ ಬಂದ ಕಾನೂನು ಅದು. ನಮ್ಮ ಅಕ್ಕಂದಿರು ಬೀದಿಗಿಳಿದು ತಂದದ್ದು. ಕೋರ್ಟು ಅವರನ್ನು ಒಳಗೆ ಕರೆದಿರುವಾಗ ನಮ್ಮ ಸಂಘದ ಚಾಪೆಯ ಮೇಲೆ ಅವರಿಗೆ ಜಾಗವಿಲ್ಲವೇ?

ಮುಂದಿನ ಸಭೆಯಲ್ಲಿ

ಬರಿ ಮಾತು ಬೇಡ. ಪ್ರತಿ ಸಂಘವೂ ಮಾಡಬಹುದಾದ ಕೆಲವು ಕೆಲಸಗಳನ್ನು ಹೇಳುತ್ತೇನೆ.

ಒಂದು: 1800-11-2356 ಎಂಬ ನಂಬರನ್ನು ಸಂಘದ ಗೋಡೆಯ ಮೇಲೆ, ಅಂಗನವಾಡಿಯಲ್ಲಿ, ತೋಟದ ಲೈನ್ ಮನೆಗಳಲ್ಲಿ ದೊಡ್ಡದಾಗಿ ಬರೆಸಿ. ಹಗಲು ಹೊತ್ತು ಫೋನು ಮಾಡಿ, ಒಂದು ಸಲ ಸಿಗದಿದ್ದರೆ ಮತ್ತೆ ಮಾಡಿ. ಮನಸ್ಸಿನ ನೋವು ತಡೆಯಲಾಗದಿದ್ದರೆ ಟೆಲಿ ಮಾನಸ್ ಎಂಬ ಇನ್ನೊಂದು ಉಚಿತ ಸಹಾಯವಾಣಿ ಇದೆ, 14416. ಅದು 2022ರಿಂದ ನಡೆಯುತ್ತಿದೆ.

ಎರಡು: ಆಸ್ಪತ್ರೆಗೆ ಒಬ್ಬರನ್ನೇ ಕಳಿಸಬೇಡಿ. ಹೆರಿಗೆಗೆ ಹೋಗುವವಳ ಜೊತೆ ಹೋಗುವುದಿಲ್ಲವೇ, ಹಾಗೆ ಹೋಗಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಲ್ಲಿ ನಮ್ಮ ಹಾಗೆಯೇ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಆಲೂರಿನಿಂದ ಇನ್ನೂ ಹತ್ತಿರ. ಚೀಟಿ ಕಿಟಕಿಯಲ್ಲಿ ಯಾರಾದರೂ ನಕ್ಕರೆ ಉತ್ತರ ಕೊಡಲು ನಾಲ್ಕು ಜನ ಇರಲಿ. ಬೀಡಿ ಬಿಡಲು ಸಹಾಯ ಮಾಡುವ ಮಾತ್ರೆ, ಚರ್ಮಕ್ಕೆ ಅಂಟಿಸುವ ಪಟ್ಟಿ, ಅಗಿಯುವ ನಿಕೋಟಿನ್ ಗಮ್ ಎಲ್ಲ ಇವೆ. ಹಾರ್ಮೋನು ಅಥವಾ ಬೇರೆ ಔಷಧಿ ತೆಗೆದುಕೊಳ್ಳುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಮೂರು: ನಾವೂ ಹೊಗೆಸೊಪ್ಪು ಬಿಡೋಣ. ಬಾಯಲ್ಲಿ ಎಲೆ ತುಂಬಿಕೊಂಡು ಇನ್ನೊಬ್ಬರಿಗೆ ಬುದ್ಧಿ ಹೇಳುವುದು ಚೆನ್ನಾಗಿರುವುದಿಲ್ಲ. ಆ ಸಹಾಯವಾಣಿ ಹೊಗೆಸೊಪ್ಪು, ಗುಟ್ಕಾ ಬಿಡುವವರಿಗೂ ಇದೆ.

ನಾಲ್ಕು: ಆಶಾ ಕಾರ್ಯಕರ್ತೆಯರು ನಮ್ಮವರೇ. ಲಿಂಗತ್ವ ಅಲ್ಪಸಂಖ್ಯಾತರ ಮನೆಗೂ ಹೋಗಿ ಆರೋಗ್ಯ ವಿಚಾರಿಸುವಂತೆ ಅವರನ್ನು ಕೇಳಿ. ಆದರೆ ಯಾರ ಗುಟ್ಟನ್ನೂ ಬಯಲು ಮಾಡಬೇಡಿ. ಊರಿನಲ್ಲಿ ಯಾರು ಯಾರನ್ನು ಪ್ರೀತಿಸುತ್ತಾರೆ ಎಂದು ಹುಡುಕಿ ಹೇಳುವುದು ನಮ್ಮ ಕೆಲಸವಲ್ಲ. ಅವರಾಗಿ ಬಂದಾಗ ಬಾಗಿಲು ತೆರೆದಿರಲಿ, ಅಷ್ಟು ಸಾಕು.

ಐದು: ಎ. ರೇವತಿಯವರ ಆತ್ಮಕಥೆ ‘ಬದುಕು ಬಯಲು’ ಎಂಬ ಹೆಸರಿನಲ್ಲಿ ದು. ಸರಸ್ವತಿಯವರ ಅನುವಾದವಾಗಿ ಕನ್ನಡಕ್ಕೆ ಬಂದಿದೆ. ಓದು ಬಲ್ಲವರು ಸಭೆಯಲ್ಲಿ ದಿನಕ್ಕೆ ಹತ್ತು ಪುಟ ಓದಿ ಹೇಳಿ.

ಇದನ್ನು ಓದುತ್ತಿರುವ ನೀನೇ ಹಾಗೆ ಕದ್ದು ಸೇದುವವಳೋ, ಸೇದುವವನೋ ಆಗಿದ್ದರೆ ನಿನಗೂ ಒಂದು ಮಾತು. ನಿನ್ನ ಪ್ರೀತಿಯನ್ನು, ನಿನ್ನ ಹೆಣ್ತನವನ್ನು, ಗಂಡಸುತನವನ್ನು ಬಿಡು ಎಂದು ಯಾರಾದರೂ ಹೇಳಿದರೆ ಕೇಳಬೇಡ. ಬೀಡಿಯನ್ನು ಮಾತ್ರ ಬಿಡು. ಮೊದಲು ಆ ನಂಬರಿಗೆ ಫೋನು ಮಾಡು. ಯಾರಿಗೂ ನಿನ್ನ ವಿವರ ಹೇಳಬೇಕಾಗಿಲ್ಲ, ಬೀಡಿಯ ಲೆಕ್ಕ ಹೇಳಿದರೆ ಸಾಕು. ನಮ್ಮನ್ನು ಹೊರಗಿಟ್ಟವರ ಮೇಲಿನ ಸಿಟ್ಟಿಗೆ ನಮ್ಮದೇ ಎದೆ ಸುಡಬೇಕಾಗಿಲ್ಲ.

ಕಳೆದ ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು, ಆ ದಿನ ಸುಮ್ಮನೆ ಕೂತದ್ದು ನನ್ನ ತಪ್ಪು ಎಂದು ಹೇಳಿದೆ. ಜೋರು ಚರ್ಚೆ ಆಯಿತು. ಇಬ್ಬರು ಸಿಟ್ಟು ಮಾಡಿಕೊಂಡು ಇನ್ನೂ ಸಭೆಗೆ ಬರುತ್ತಿಲ್ಲ. ಉಳಿದವರು ಒಪ್ಪಿದರು. ‘ಮೊದ್ಲು ಬೀಡಿ ಬಿಟ್ಟು ಬಾ’ ಎಂದಿದ್ದವರೇ ಚಾಪೆಯ ಮೇಲೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟರು. ಅವರ ಹೊಗೆಸೊಪ್ಪು ಇನ್ನೂ ಬಿಟ್ಟಿಲ್ಲ. ಈಗ ಅವಳೇ ಅವರ ಬೆನ್ನು ಬಿದ್ದಿದ್ದಾಳೆ.

ಉಳಿತಾಯದ ಪುಸ್ತಕದಲ್ಲಿ ಅವಳ ಹೆಸರನ್ನು, ಅವಳು ಹೇಳಿದ ಹಾಗೆಯೇ, ನಾನೇ ಬರೆದೆ. ಮೊದಲ ಕಂತು ಕಟ್ಟಿದ್ದು ಬೀಡಿ ಡಬ್ಬಿಯ ದುಡ್ಡಿನಿಂದ.

ನಿಮ್ಮ ಸಂಘದಲ್ಲಿ ಏನಾಯಿತು ಎಂದು ಪತ್ರಿಕೆಗೆ ಬರೆಯಿರಿ.